ಧಾರಾವಾಹಿಯ ಟಿಪ್ಪು, ಮಂಗಳೂರಿನ ಟಿಪ್ಪು

ಕರಾವಳಿಯ ಯಕ್ಷಗಾನ ಪ್ರೇಮಿಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಬೆಳಗಿನ ತನಕ ಬಯಲಿನಲ್ಲಿ ಕುಳಿತು ಆಟ ನೋಡುತ್ತಾರೆ; ಮರುದಿನ ಚಹಾದ ಅಂಗಡಿಯಲ್ಲಿ ತಮ್ಮ ಮೆಚ್ಚಿನ ಭಾಗವತರ ಸ್ವರ ಎಲ್ಲಿ ಜಾರಿತು, ಮೆಚ್ಚಿನ ವೇಷಧಾರಿ ಯಾವ ಮಾತನ್ನು ಅನಗತ್ಯವಾಗಿ ಎಳೆದ ಎಂದು ಮುಲಾಜಿಲ್ಲದೆ ಹೇಳುತ್ತಾರೆ. ಹಾಗೆ ಹೇಳಿದವನನ್ನು ಯಾರೂ ಮೇಳದ ವೈರಿ ಎನ್ನುವುದಿಲ್ಲ. ನಿದ್ದೆಗೆಟ್ಟು ನೋಡಿದವನಿಗೆ ಅಷ್ಟು ಹೇಳುವ ಹಕ್ಕಿದೆ ಎಂದು ಎಲ್ಲರೂ ಒಪ್ಪುತ್ತಾರೆ.

ಇದೇ ಜನ ದೂರದರ್ಶನದ ಧಾರಾವಾಹಿಯ ಮುಂದೆ ಕುಳಿತಾಗ ಮಾತ್ರ ಈ ಗುಣ ಎಲ್ಲಿಗೋ ಹೊರಟುಹೋಗುತ್ತದೆ. ರಾಮಾನಂದ ಸಾಗರರ 'ರಾಮಾಯಣ' 1987ರಲ್ಲಿ ಪ್ರಸಾರವಾಗತೊಡಗಿದಾಗ ಟಿ.ವಿ. ಪೆಟ್ಟಿಗೆಗೆ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿದ ಮನೆಗಳಿದ್ದವು. ಅದರ ಹಿಂದೆಯೇ 1988ರಲ್ಲಿ ಬಿ.ಆರ್. ಚೋಪ್ರಾರ 'ಮಹಾಭಾರತ' ಬಂತು. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಎಂಬುದನ್ನು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ದೇವರ ಕಥೆಗೆ ಭಕ್ತಿ ಸಲ್ಲುವುದು ಸಹಜ. ಆದರೆ 1990ರಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಬಂದಾಗ ಮುಸ್ಲಿಮರ ಓಣಿಗಳಲ್ಲಿ ಒಬ್ಬ ಅರಸನ ಕಥೆಗೂ ಅದೇ ಬಗೆಯ ಭಕ್ತಿ ಸಂದಿತು. ಊದುಬತ್ತಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಾವು ಆ ಧಾರಾವಾಹಿಯ ಅಭಿಮಾನಿಗಳು. ಇಂದಿಗೂ ಅದರ ಶೀರ್ಷಿಕೆಯ ಸಂಗೀತ ಎಲ್ಲಿಂದಲಾದರೂ ತೇಲಿಬಂದರೆ ಮೈ ಜುಮ್ಮೆನ್ನುತ್ತದೆ. ಆದರೂ ಅದರ ಬಗ್ಗೆ ನಮ್ಮವರಿಗೆ ರುಚಿಸದ, ನಮ್ಮವರಲ್ಲದವರಿಗೂ ಪೂರ್ತಿಯಾಗಿ ರುಚಿಸಲಾರದ ಕೆಲವು ಅಭಿಪ್ರಾಯಗಳು ನಮ್ಮಲ್ಲಿವೆ. ಅವುಗಳನ್ನು ಇಲ್ಲಿ ಮುಂದಿಡುತ್ತಿದ್ದೇವೆ. ಮಂಗಳೂರಿನಲ್ಲಿ ಹುಟ್ಟಿ ಬೆಳೆದವರು ಟಿಪ್ಪುವಿನ ಅಭಿಮಾನಿಗಳಾಗುವುದು ಶ್ರೀರಂಗಪಟ್ಟಣದವರು ಅಭಿಮಾನಿಗಳಾದಂತೆ ಅಲ್ಲ. ಇಲ್ಲಿ ಆ ಅಭಿಮಾನಕ್ಕೆ ನೆರೆಮನೆಯವರ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವ ಧೈರ್ಯವೂ ಬೇಕಾಗುತ್ತದೆ.

ಮೊದಲು ಧಾರಾವಾಹಿಯ ಹಿನ್ನೆಲೆ. ಅದಕ್ಕೆ ಆಧಾರವಾದದ್ದು ಭಗವಾನ್ ಗಿದ್ವಾನಿಯವರು 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಾದಂಬರಿ. ಗಿದ್ವಾನಿ ಕರಾಚಿಯಲ್ಲಿ ಹುಟ್ಟಿದ ಸಿಂಧಿ ಹಿಂದೂ. ಭಾರತ ಸರಕಾರದಲ್ಲಿ ಉನ್ನತ ಹುದ್ದೆಗಳಲ್ಲಿದ್ದವರು. ನಮ್ಮ ಓಣಿಗಳು ಎದೆಗವುಚಿಕೊಂಡ ಟಿಪ್ಪುವನ್ನು ಕಡೆದು ಕೊಟ್ಟವರು ವಿಭಜನೆಯಲ್ಲಿ ತನ್ನ ಊರನ್ನು ಕಳೆದುಕೊಂಡ ಸಮುದಾಯವೊಂದರ ಲೇಖಕ ಎಂಬುದು ಸಣ್ಣ ಸಂಗತಿಯಲ್ಲ. ನಿರ್ಮಾಪಕರೂ ನಾಯಕನಟರೂ ಆಗಿದ್ದವರು ಸಂಜಯ್ ಖಾನ್. ಆರಂಭದ ಕಂತುಗಳನ್ನು ಅವರ ತಮ್ಮ ಅಕ್ಬರ್ ಖಾನ್ ನಿರ್ದೇಶಿಸಿದರು. ಹೈದರಾಲಿಯಾಗಿ ಶಹಬಾಝ್ ಖಾನ್ ನಟಿಸಿದರು. ಕೆಲವೇ ವರ್ಷಗಳ ಹಿಂದೆ ಸೀತೆಯಾಗಿದ್ದ ದೀಪಿಕಾ ಇಲ್ಲಿ ಟಿಪ್ಪುವಿನ ತಾಯಿಯಾದರು. ಸಂಗೀತ ನೌಷಾದರದು. ಒಟ್ಟು 60 ಕಂತುಗಳು.

ಮಂಗಳೂರಿನಲ್ಲಿ ಉರ್ದು ಮತ್ತು ಕನ್ನಡ ಎರಡೂ ಪಾಠ ಓದಿದ ನಮ್ಮ ತಲೆಮಾರಿಗೆ ಈ ಟಿಪ್ಪು ಅಪರಿಚಿತನಾಗಿರಲಿಲ್ಲ. ಉರ್ದು ಪಾಠದಲ್ಲಿ ಅವನು ಶಹೀದ್. ಕನ್ನಡ ಪಾಠದಲ್ಲಿ ಮೈಸೂರಿನ ಹುಲಿ. ಎರಡರಲ್ಲೂ ಒಂದೆರಡು ಪುಟದಲ್ಲಿ ಹುಟ್ಟಿ, ಕಾದಾಡಿ, ಸತ್ತುಹೋಗುತ್ತಿದ್ದ. ಧಾರಾವಾಹಿ ಅವನಿಗೆ ತಂದೆ, ತಾಯಿ, ಬಾಲ್ಯ, ನಗು, ಸಿಟ್ಟು ಎಲ್ಲವನ್ನೂ ಕೊಟ್ಟಿತು. ಬಂದರ್, ಕುದ್ರೋಳಿಯ ಮನೆಗಳಲ್ಲಿ ಬ್ಯಾರಿ ಮಾತನಾಡುವ ನೆರೆಹೊರೆಯವರಿಗೆ ಅದರ ಗಡುಸಾದ ಉರ್ದು ಸಂಭಾಷಣೆಯನ್ನು ಬಿಡಿಸಿ ಹೇಳುವ ಕೆಲಸ ಉರ್ದು ಕಲಿತ ಮಕ್ಕಳ ಪಾಲಿಗೆ ಬರುತ್ತಿತ್ತು. ಹಾಗೆ ಹೇಳುವಾಗ ನಾವು ಒಂದಿಷ್ಟು ಮಸಾಲೆ ಸೇರಿಸುತ್ತಿದ್ದುದೂ ಉಂಟು.

ಆ ಕಾಲವನ್ನೂ ನೆನಪಿಸಿಕೊಳ್ಳಬೇಕು. ಹಿಂದಿ ಸಿನೆಮಾದ ಮುಸ್ಲಿಮ ಒಂದೋ ಪಾನ್ ಜಗಿಯುವ ನವಾಬ, ಇಲ್ಲವೇ ಕವಾಲಿ ಹಾಡುವವ, ಅದೂ ಇಲ್ಲದಿದ್ದರೆ ಬಂದರಿನಲ್ಲಿ ಕಳ್ಳಸಾಗಣೆ ಮಾಡುವವ. 1990ರ ಸೆಪ್ಟೆಂಬರಿನಲ್ಲಿ ಸೋಮನಾಥದಿಂದ ರಥಯಾತ್ರೆ ಹೊರಟಿತು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಬಿದ್ದಿತು. ದೇಶದ ಬಗ್ಗೆ ನಮ್ಮ ನಿಷ್ಠೆಯನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವ ಕಾಲ ಬರುತ್ತಿದ್ದಾಗ, ಸರಕಾರಿ ದೂರದರ್ಶನದಲ್ಲಿ ಒಬ್ಬ ಮುಸ್ಲಿಮ ಅರಸ ಈ ನೆಲಕ್ಕಾಗಿ ಪ್ರಾಣ ಕೊಡುತ್ತಿದ್ದ. ಅದು ಎಷ್ಟು ದೊಡ್ಡ ಸಮಾಧಾನವಾಗಿತ್ತು ಎಂಬುದನ್ನು ಅನುಭವಿಸಿದವರೇ ಬಲ್ಲರು. ಆದ್ದರಿಂದಲೇ ಅದರ ಮೇಲೆ ಟೀಕೆಯ ಸೊಲ್ಲೆತ್ತಿದರೆ ನಮ್ಮವರಿಗೆ ನೋವಾಗುತ್ತದೆ. ಆ ನೋವನ್ನು ನಾವು ಹಗುರವಾಗಿ ಕಾಣುತ್ತಿಲ್ಲ.

ನಮ್ಮ ಮೊದಲನೆಯ ಅಪ್ರಿಯ ಅಭಿಪ್ರಾಯ ಧಾರಾವಾಹಿಯೊಂದಿಗೆ ಬರುತ್ತಿದ್ದ ಒಕ್ಕಣೆಯ ಕುರಿತಾದದ್ದು. ಟಿಪ್ಪುವಿನ ದಂಡಯಾತ್ರೆಯ ಕಹಿನೆನಪು ಇನ್ನೂ ಆರದ ಮಲಬಾರಿನ ಕಡೆಯಿಂದ ಧಾರಾವಾಹಿಗೆ ಬಲವಾದ ವಿರೋಧ ಬಂತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ, ಇದು ಗಿದ್ವಾನಿಯವರ ಕಾದಂಬರಿಯ ನಾಟಕರೂಪ, ಇದೊಂದು ಕಲ್ಪಿತ ಕಥೆ, ಚರಿತ್ರೆಯ ನಿಖರತೆಯನ್ನು ಇದರಲ್ಲಿ ಹುಡುಕಬಾರದು ಎಂಬ ಅರ್ಥದ ಒಕ್ಕಣೆಯನ್ನು ತೋರಿಸಬೇಕಾಯಿತು. ನಮ್ಮ ಹಿರಿಯರು ಇದನ್ನು ದೊಡ್ಡ ಅವಮಾನವೆಂದು ಭಾವಿಸಿದರು. ಟಿಪ್ಪುವಿನ ಬಲಿದಾನವನ್ನೇ ಸುಳ್ಳೆಂದಂತಾಯಿತು ಎಂದು ಕುದಿದರು.

ಆ ಒಕ್ಕಣೆ ಅಭಿಮಾನಿಗಳಿಗೆ ಮಾಡಿದ ಉಪಕಾರ ಎಂಬುದು ನಮ್ಮ ಅಭಿಪ್ರಾಯ. ಕಥೆ ಬರೆಯುವವರಾದ ನಮಗೆ 'ಕಲ್ಪಿತ' ಎಂಬುದು ಬೈಗುಳವಾಗಿ ಕೇಳಿಸುವುದಿಲ್ಲ. ಕಲ್ಪಿತ ಎಂದು ಒಪ್ಪಿಕೊಂಡರೆ ನಮ್ಮ ಮೆಚ್ಚಿನ ಟಿಪ್ಪುವನ್ನು ನಾವು ನಿಶ್ಚಿಂತೆಯಿಂದ ಮೆಚ್ಚಬಹುದು. ಚರಿತ್ರೆಯ ಟಿಪ್ಪುವನ್ನು ಬೇರೆಯಾಗಿ ಹುಡುಕಲೂಬಹುದು. ಇಬ್ಬರನ್ನೂ ಒಂದೇ ಎಂದು ಹಟ ಹಿಡಿದರೆ ಚರಿತ್ರೆಯ ಪುಸ್ತಕದ ಪ್ರತಿಯೊಂದು ಪುಟವೂ ನಮಗೆ ಶತ್ರುವಾಗುತ್ತದೆ. ಆಗಿರುವುದೂ ಅದೇ. ಮುಹಿಬ್ಬುಲ್ ಹಸನ್ ಅವರು 1951ರಲ್ಲೇ ಟಿಪ್ಪುವಿನ ಚರಿತ್ರೆಯನ್ನು ದಾಖಲೆಗಳ ಸಮೇತ ಬರೆದಿಟ್ಟರು. ಅದನ್ನು ಓದಿದವರಿಗಿಂತ ಧಾರಾವಾಹಿಯ ಸಂಭಾಷಣೆಯನ್ನು ಬಾಯಿಪಾಠ ಮಾಡಿದವರೇ ನಮ್ಮಲ್ಲಿ ಹೆಚ್ಚು.

ಎರಡನೆಯದು ಹೆಸರಿನಲ್ಲಿರುವ ಖಡ್ಗದ ಬಗ್ಗೆ. ಉರ್ದು ಓದಿದ ನಮ್ಮವರಿಗೆ ಖಡ್ಗದ ಮೇಲೆ ಮೊದಲೇ ಒಲವಿತ್ತು. ನಸೀಮ್ ಹಿಜಾಝಿಯವರು ಟಿಪ್ಪುವನ್ನು ಕುರಿತು ಬರೆದ ಉರ್ದು ಕಾದಂಬರಿಯ ಹೆಸರೂ 'ಔರ್ ತಲ್ವಾರ್ ಟೂಟ್ ಗಯೀ'. ಅಲ್ಲಾಮಾ ಇಕ್ಬಾಲರು 1929ರಲ್ಲಿ ಶ್ರೀರಂಗಪಟ್ಟಣದ ಗುಂಬಝಿಗೆ ಭೇಟಿಯಿತ್ತರು. ಬಳಿಕ 'ಜಾವೇದ್ ನಾಮಾ'ದಲ್ಲಿ ಅವನಿಗೊಂದು ಎತ್ತರದ ಸ್ಥಾನವನ್ನಿತ್ತರು. ಈ ಪರಂಪರೆಯೇ ಧಾರಾವಾಹಿಗೂ ಹರಿದುಬಂತು. ಕುದುರೆ, ಕತ್ತಿ, ಕೆಚ್ಚಿನ ಮಾತು, ಕೊನೆಗೆ ದ್ರೋಹಿ ಮೀರ್ ಸಾದಿಕ್. ನೋಡಲು ಸೊಗಸು. ಆದರೆ ಸೋಲಿಗೆ ಒಬ್ಬ ದ್ರೋಹಿ ಸಿಕ್ಕಿಬಿಟ್ಟರೆ ಉಳಿದ ಕಾರಣಗಳನ್ನು ಯಾರೂ ಕೇಳುವುದಿಲ್ಲ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈಬಿಟ್ಟದ್ದು, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟದ್ದು, ನಿಝಾಮನ ಸೈನ್ಯ ಇಂಗ್ಲಿಷರ ಜೊತೆ ಸೇರಿ ಬಂದದ್ದು, ಇವೆಲ್ಲ ಮೀರ್ ಸಾದಿಕನ ಒಬ್ಬನ ನೆರಳಿನಲ್ಲಿ ಮುಚ್ಚಿಹೋಗುತ್ತವೆ.

ನಮಗೆ ಪ್ರಿಯನಾದ ಟಿಪ್ಪು ಲೇಖನಿ ಹಿಡಿದವನು. ಅವನ ಪರ್ಷಿಯನ್ ಪತ್ರಗಳನ್ನು ಆಯ್ದು ಕಿರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಅನುವಾದಿಸಿ ಪ್ರಕಟಿಸಿದ. ಅದರ ಟಿಪ್ಪಣಿಗಳು ದ್ವೇಷದಿಂದ ಕೂಡಿವೆ, ನಿಜ. ಆದರೆ ಪತ್ರಗಳಲ್ಲಿ ಕಾಣುವ ಮನುಷ್ಯ ಹಗಲಿರುಳು ಲೆಕ್ಕ ಕೇಳುವವನು. ಮಸ್ಕತಿನಲ್ಲಿ ಅವನ ವ್ಯಾಪಾರದ ಕೋಠಿ ಇತ್ತು. ನಮ್ಮ ಕರಾವಳಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿಂದ ರೇಷ್ಮೆಹುಳುವಿನ ಮೊಟ್ಟೆ ತರಿಸಲು ಅವನು ಪತ್ರ ಬರೆಯುತ್ತಿದ್ದ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಅದರೊಂದಿಗೆ ಬಂದ ಮಂಗಳೂರು, ಮೈಸೂರು ಸೀಮೆಗೆ ಕಡಲಿನ ಬಾಗಿಲಾಯಿತು. ಇಲ್ಲಿ ಹಡಗು ಕಟ್ಟುವ ಕೆಲಸ ನಡೆಯಿತು. ಬೋಳೂರಿನಲ್ಲಿ ಗುರುಪುರ ನದಿಯ ದಂಡೆಯ ಮೇಲೆ ಇಂದಿಗೂ ನಿಂತಿರುವ ಸುಲ್ತಾನ್ ಬತ್ತೇರಿ, ಶತ್ರುಗಳ ಹಡಗು ನದಿಯೊಳಕ್ಕೆ ನುಗ್ಗದಂತೆ ಕಾಯಲು 1784ರಲ್ಲಿ ಕಟ್ಟಿಸಿದ ಕಾವಲು ಕೋಟೆ. ಕಡಲು, ವ್ಯಾಪಾರ, ಹಡಗು, ರೇಷ್ಮೆ ಇವುಗಳ ಕನಸು ಕಂಡ ಅರಸ ಅವನು. ಕನಸು ಎಂದದ್ದು ಅಲಂಕಾರಕ್ಕಲ್ಲ. ತನ್ನ ಮೂವತ್ತಕ್ಕೂ ಹೆಚ್ಚು ಕನಸುಗಳನ್ನು ಅವನು ಸ್ವಂತ ಕೈಬರಹದಲ್ಲಿ ಬರೆದಿಟ್ಟಿದ್ದ. ಗಿರೀಶ್ ಕಾರ್ನಾಡರು ಅದನ್ನೇ ಆಧರಿಸಿ 1997ರಲ್ಲಿ ಬಿಬಿಸಿ ಬಾನುಲಿಗೆ ನಾಟಕ ಬರೆದರು. ನಾಯಕನ ಕೈಯಲ್ಲಿ ಕತ್ತಿಯ ಬದಲು ಲೆಕ್ಕದ ಪುಸ್ತಕ ಕೊಟ್ಟಿದ್ದರೆ 60 ಕಂತು ಓಡುತ್ತಿತ್ತೇ ಎಂದು ಕೇಳಬಹುದು. ಓಡುತ್ತಿರಲಿಲ್ಲವೇನೋ. ಆದರೆ ಕತ್ತಿಯೊಂದನ್ನೇ ನೋಡಿ ಬೆಳೆದವರಿಗೆ ಟಿಪ್ಪುವಿನ ಹೆಸರಿನಲ್ಲಿ ಕತ್ತಿಯೊಂದೇ ನೆನಪಾಗುತ್ತದೆ. ಅಭಿಮಾನಿಗಳಿಗೂ ಹಾಗೆಯೇ, ವಿರೋಧಿಗಳಿಗೂ ಹಾಗೆಯೇ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಅದು ನಮ್ಮ ಊರಿಗೇ ಸಂಬಂಧಿಸಿದ್ದು.

1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಬಿದನೂರನ್ನೂ ಮಂಗಳೂರನ್ನೂ ಹಿಡಿದುಕೊಂಡಿತು. ತಂದೆಯನ್ನು ಆಗಷ್ಟೇ ಕಳೆದುಕೊಂಡಿದ್ದ ಟಿಪ್ಪು ಮೊದಲು ಬಿದನೂರನ್ನು ಬಿಡಿಸಿಕೊಂಡು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್. ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯಾದ ಸುದ್ದಿ ಬಂದೊಡನೆ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಆದರೂ ಅವನು ಬಿಡಲಿಲ್ಲ. ಹಸಿವು, ರೋಗಗಳಿಂದ ಕಂಗೆಟ್ಟ ಕ್ಯಾಂಪ್‌ಬೆಲ್ 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿದ. ಇಂಗ್ಲಿಷ್ ಪ್ರತಿನಿಧಿಗಳು ಮಂಗಳೂರಿಗೇ ಬಂದು ಸಂಧಿಗೆ ಸಹಿ ಹಾಕಿದರು. ಅದು 1784ರ ಮಾರ್ಚ್ 11. ಚರಿತ್ರೆಯಲ್ಲಿ ಅದರ ಹೆಸರೇ ಮಂಗಳೂರು ಒಪ್ಪಂದ. ಕಂಪೆನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನಿಗೆ ಅದು ನುಂಗಲಾರದ ತುತ್ತಾಗಿತ್ತು. ನಮ್ಮ ಊರಿನ ಹೆಸರು ಇಂಗ್ಲಿಷರ ಮುಖಭಂಗದೊಡನೆ ಜಗತ್ತಿನ ಚರಿತ್ರೆಯಲ್ಲಿ ದಾಖಲಾಯಿತು. ಅಭಿಮಾನಿಗಳಾದ ನಾವು ಈ ದಿನಾಂಕವನ್ನು ಮರೆಯುವುದಿಲ್ಲ.

ಆದರೆ ಅದಕ್ಕೂ ಸುಮಾರು ಹದಿನೈದು ದಿನಗಳ ಮೊದಲು, ಫೆಬ್ರವರಿಯ ಕೊನೆಯ ವಾರದಲ್ಲಿ, ಇದೇ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅಂದು ವಿಭೂತಿ ಬುಧವಾರ ಎಂಬುದು ಕ್ರೈಸ್ತರ ನೆನಪು. ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಕರಾವಳಿಯ ಕಥೊಲಿಕ ಕುಟುಂಬಗಳನ್ನು ಸುತ್ತುವರಿದು ಹಿಡಿಯಲಾಯಿತು. ಗಂಡಸರು, ಹೆಂಗಸರು, ಮಕ್ಕಳು, ಮುದುಕರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರು ಬಹಳ. ಅಲ್ಲಿ ಅನೇಕರನ್ನು ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. 30 ಸಾವಿರ ಎಂದವರಿದ್ದಾರೆ, 60 ಸಾವಿರ, 70 ಸಾವಿರ ಎಂದವರೂ ಇದ್ದಾರೆ. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿ ಸೇರಿದಂತೆ 27 ಇಗರ್ಜಿಗಳು ನೆಲಸಮವಾದವು ಎಂದು ಆ ಸಮುದಾಯ ಲೆಕ್ಕ ಇಟ್ಟಿದೆ. ಅವರ ಸೆರೆ ಬಿಡುಗಡೆಯಾದದ್ದು 1799ರ ಮೇ 4ರಂದು ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಬಿದ್ದ ಮೇಲೆಯೇ. ನಾವು ಶಹಾದತ್ತಿನ ದಿನವೆಂದು ಕಣ್ಣೀರಿಡುವ ದಿನ, ನಮ್ಮ ನೆರೆಮನೆಯವರ ಅಜ್ಜಂದಿರಿಗೆ ಹದಿನೈದು ವರ್ಷಗಳ ಸೆರೆ ಮುಗಿದ ದಿನ. ಹಂಪನಕಟ್ಟೆಯಲ್ಲಿ ಓಡಾಡುವ ಎಲ್ಲರೂ ಈ ಒಂದು ವಾಕ್ಯದ ಮುಂದೆ ಒಂದು ಕ್ಷಣ ನಿಲ್ಲಬೇಕು.

ಧಾರಾವಾಹಿ ನೋಡಿ ಬೆಳೆದ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದ ದೃಶ್ಯಗಳಲ್ಲಿ ಘಟ್ಟ ಹತ್ತುವ ಈ ಜನರ ಮುಖಗಳಿಲ್ಲ. ಆದರೆ ಅವರ ಮನೆಗಳಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ವಿ.ಜೆ.ಪಿ. ಸಲ್ದಾನರು ಈ ಸೆರೆಯ ಕಾಲವನ್ನು ಕುರಿತು 'ಬೆಳ್ತಂಗಡಿಚೊ ಬಾಲ್ತಜಾರ್' ಮುಂತಾದ ಕೊಂಕಣಿ ಕಾದಂಬರಿಗಳನ್ನು ಬರೆದರು. ಅವು ಮನೆಮನೆಗಳಲ್ಲಿ ಜನಪ್ರಿಯವಾದವು. ನಮ್ಮ ಮನೆಯಲ್ಲಿ ಧಾರಾವಾಹಿ, ಅವರ ಮನೆಯಲ್ಲಿ ಕಾದಂಬರಿ. ನಡುವೆ ಒಂದು ಕಾಂಪೌಂಡು ಗೋಡೆ. ಗೋಡೆಯ ಈಚೆ ಒಬ್ಬ ಟಿಪ್ಪು, ಆಚೆ ಇನ್ನೊಬ್ಬ. ಹಬ್ಬಕ್ಕೆ ಬಿರಿಯಾನಿಯೂ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯೂ ಗೋಡೆ ದಾಟುತ್ತಿದ್ದವು. ಟಿಪ್ಪುವಿನ ಮಾತು ಮಾತ್ರ ದಾಟುತ್ತಿರಲಿಲ್ಲ.

ಈ ವಿಷಯ ಎತ್ತಿದಾಗ ನಮ್ಮವರು ಕೊಡುವ ಉತ್ತರಗಳು ನಮಗೆ ಗೊತ್ತು. ಇವೆಲ್ಲ ಬ್ರಿಟಿಷರು ಕಟ್ಟಿದ ಕಥೆ ಎಂಬುದು ಮೊದಲನೆಯದು. ಬ್ರಿಟಿಷರು ಟಿಪ್ಪುವಿನ ಬಗ್ಗೆ ಬೇಕಾದಷ್ಟು ಸುಳ್ಳು ಬರೆದಿದ್ದಾರೆ, ಸಂದೇಹವಿಲ್ಲ. ಅವನನ್ನು ರಾಕ್ಷಸನೆಂದು ತೋರಿಸದಿದ್ದರೆ ಅವರ ಲೂಟಿಗೆ ಸಮರ್ಥನೆ ಸಿಗುತ್ತಿರಲಿಲ್ಲ. ಆದರೆ ಕಥೊಲಿಕರ ಸೆರೆಯ ಪ್ರಸ್ತಾಪ ಟಿಪ್ಪುವಿನ ಆಸ್ಥಾನದ ಪರ್ಷಿಯನ್ ಬರವಣಿಗೆಯಲ್ಲೇ ಇದೆ. ಸೆರೆಯಿಂದ ಹಿಂತಿರುಗಿದ ಬಾರಕೂರಿನ ಕ್ರೈಸ್ತನೊಬ್ಬ ಬರೆದಿಟ್ಟ ಹಸ್ತಪ್ರತಿ ಇರುವುದು ಕನ್ನಡದಲ್ಲಿ. ಕನ್ನಡದಲ್ಲಿ ತನ್ನ ದುಃಖ ಬರೆದವನನ್ನು ಬ್ರಿಟಿಷರ ಬಾಲಬಡುಕ ಎನ್ನುವುದು ನ್ಯಾಯವಲ್ಲ.

ಅದು ರಾಜಕೀಯ, ಧರ್ಮದ್ವೇಷವಲ್ಲ ಎಂಬುದು ಎರಡನೆಯ ಉತ್ತರ. ಇದರಲ್ಲಿ ಸತ್ಯಾಂಶ ಬಹಳವಿದೆ. ಅದೇ ಟಿಪ್ಪು ಸವಣೂರಿನ ಮುಸ್ಲಿಮ ನವಾಬನನ್ನು 1786ರಲ್ಲಿ ಓಡಿಸಿದ, ನಿಝಾಮನೊಡನೆ ಕಾದಾಡಿದ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಅಲ್ಲಿನ ಫಾದರ್ ಮಿರಾಂದರ ಮೇಲಿದ್ದ ಸ್ನೇಹದಿಂದಾಗಿ ಉಳಿಯಿತು ಎಂದು ಕ್ರೈಸ್ತರೇ ಹೇಳುತ್ತಾರೆ. ಮೂಡುಬಿದಿರೆಯ ಹೊಸಪೇಟೆ ಇಗರ್ಜಿ ಚೌಟ ಅರಸರ ಮಾತಿನಿಂದ ಉಳಿಯಿತಂತೆ. ಕ್ರೈಸ್ತ ಧರ್ಮವನ್ನೇ ಅಳಿಸುವ ಹಟವಿದ್ದರೆ ಇವು ಉಳಿಯುತ್ತಿರಲಿಲ್ಲ. ಆದರೆ ಕಾರಣ ರಾಜಕೀಯವಾದ ಮಾತ್ರಕ್ಕೆ ಶಿಕ್ಷೆ ನ್ಯಾಯವಾಗುತ್ತದೆಯೇ? ಕೆಲವರು ಇಂಗ್ಲಿಷರಿಗೆ ನೆರವಾಗಿದ್ದಿರಬಹುದು. ತೊಟ್ಟಿಲ ಕೂಸು ಯಾರಿಗೆ ನೆರವಾಗಿತ್ತು? ಕೆಲವರ ತಪ್ಪಿಗೆ ಇಡೀ ಸಮುದಾಯವನ್ನು ದಂಡಿಸುವುದು ತಪ್ಪೆಂದು ಇಂದು ಈ ದೇಶದಲ್ಲಿ ಬೇರೆಲ್ಲರಿಗಿಂತ ಹೆಚ್ಚಾಗಿ ಹೇಳಬೇಕಾಗಿ ಬಂದಿರುವುದು ನಮಗೆ. ಆ ಮಾತಿಗೆ ಬೆಲೆ ಬರಬೇಕಾದರೆ 1784ರ ಮಂಗಳೂರಿಗೂ ಅದನ್ನು ಅನ್ವಯಿಸಬೇಕು. ಧರ್ಮದ ವಿಷಯದಲ್ಲಿ ಬಲವಂತ ಸಲ್ಲದು ಎಂದು ಮದ್ರಸದ ಮೊದಲ ಪಾಠಗಳಲ್ಲೇ ಕಲಿತ ನಾವು, ಅರಸನೊಬ್ಬನ ಅಭಿಮಾನಕ್ಕಾಗಿ ಆ ಪಾಠವನ್ನು ಮರೆಯಲಾಗದು.

ಈ ಮಾತಿನಿಂದ ಖುಷಿಪಡುವವರಿಗೂ ಒಂದು ಮಾತಿದೆ. 1791ರಲ್ಲಿ ಮರಾಠರ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ಹಣ ಕಳುಹಿಸಿದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಅವರಿಗೆ ಟಿಪ್ಪುವಿನ ಓಲೈಕೆ ಬೇಕಾಗಿರಲಿಲ್ಲ. ಶೃಂಗೇರಿಗೆ ಬರೆಸಿದವನು ಮತ್ತು ಮಿಲಾಗ್ರಿಸ್ ಕೆಡವಿಸಿದವನು ಒಬ್ಬನೇ ಮನುಷ್ಯ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವವರು ಎರಡೂ ಕಡೆ ಇದ್ದಾರೆ. ಇನ್ನು ಕಥೊಲಿಕರ ನೋವನ್ನು ಮುಸ್ಲಿಮರ ಮೇಲೆ ಬೀಸುವ ಬಡಿಗೆಯಾಗಿ ಹಿಡಿಯುವವರಲ್ಲಿ ಎಷ್ಟು ಮಂದಿ 2008ರ ಸೆಪ್ಟೆಂಬರಿನಲ್ಲಿ ಇದೇ ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಆ ಜನರ ಪಕ್ಕದಲ್ಲಿ ನಿಂತರು? 224 ವರ್ಷ ಹಿಂದಿನ ಇಗರ್ಜಿಗಾಗಿ ಮರುಗುವವರು ಕಣ್ಣೆದುರಿನ ಇಗರ್ಜಿಗಾಗಿಯೂ ಮರುಗಬೇಕಿತ್ತು.

ನಾಲ್ಕನೆಯ ಅಭಿಪ್ರಾಯ ನಮ್ಮ ಹೆಸರಿನ ಪ್ರಶ್ನೆಗೆ ಸಂಬಂಧಿಸಿದ್ದು. ಧಾರಾವಾಹಿಯ ಪ್ರಭಾವದಿಂದ ಕರ್ನಾಟಕದ ಮುಸ್ಲಿಮರೆಲ್ಲರೂ ಟಿಪ್ಪುವಿನ ವಾರಸುದಾರರೆಂಬ ಭಾವನೆ ಬೆಳೆಯಿತು. ಕರಾವಳಿಯ ಮಟ್ಟಿಗೆ ಇದು ಚರಿತ್ರೆಗೆ ಹೊಂದುವುದಿಲ್ಲ. ಇಬ್ನ್ ಬತೂತಾ 1342ರ ಸುಮಾರಿಗೆ ಮಂಗಳೂರಿಗೆ ಬಂದಾಗಲೇ ಇಲ್ಲಿ ನಾಲ್ಕು ಸಾವಿರ ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಅಂದರೆ ಟಿಪ್ಪು ಹುಟ್ಟುವುದಕ್ಕೆ ನಾಲ್ಕು ಶತಮಾನ ಮೊದಲು. ಇಲ್ಲಿಗೆ ಇಸ್ಲಾಂ ಬಂದದ್ದು ದಂಡಿನೊಡನೆ ಅಲ್ಲ, ಮೆಣಸು, ಅಕ್ಕಿ, ಕುದುರೆ ವ್ಯಾಪಾರದ ಹಡಗುಗಳಲ್ಲಿ. ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳನ್ನು ತೋರಿಸಿ, ಟಿಪ್ಪು ಅದನ್ನು ನವೀಕರಿಸಿ ಮಗಳ ಹೆಸರಿಟ್ಟ ಎಂದು ಹೇಳುವ ಪ್ರತೀತಿ ಇದೆ. ಆ ಪ್ರತೀತಿಯಲ್ಲೇ ಒಂದು ವಿಷಯ ಅಡಗಿದೆ. ನವೀಕರಿಸಬೇಕಾದರೆ ಮಸೀದಿ ಮೊದಲೇ ಇರಬೇಕಲ್ಲವೇ? ತುಳು, ಬ್ಯಾರಿ, ಕನ್ನಡ ಆಡುತ್ತಾ ಶತಮಾನಗಳಿಂದ ಇಲ್ಲಿ ಬಾಳಿದವರಿಗೆ ಈ ನೆಲದ ಹಕ್ಕು ಒಬ್ಬ ಸುಲ್ತಾನನ ಖಡ್ಗದಿಂದ ಬರಬೇಕಾಗಿಲ್ಲ. ಟಿಪ್ಪು ಗೆದ್ದರೆ ನಾವು ದೇಶಭಕ್ತರು, ಟಿಪ್ಪು ಸೋತರೆ ನಾವು ದ್ರೋಹಿಗಳು ಎಂಬ ಲೆಕ್ಕಕ್ಕೆ ನಾವೇ ಯಾಕೆ ತಲೆಯೊಡ್ಡಬೇಕು?

ಐದನೆಯದು ಅಭಿಪ್ರಾಯಕ್ಕಿಂತ ಹೆಚ್ಚಾಗಿ ಒಂದು ಋಣದ ಮಾತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಈ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿತ್ತು. 62 ಜನ ಸತ್ತರು. ಸಡಿಲ ವಿದ್ಯುತ್ ತಂತಿ, ಗೋಡೆಗೆ ಹೊದಿಸಿದ್ದ ಗೋಣಿತಾಟು, ಗಾಳಿಯಾಡದ ಒಳಾಂಗಣ, ನಂದಿಸಲು ನಾಲ್ಕು ಹಿಡಿ ಮರಳು ನೀರು ಎಂದು ಆಗಿನ ವರದಿಗಳು ಹೇಳಿದವು. ಸಂಜಯ್ ಖಾನ್ ಅವರ ಮೈ ಬಹುಪಾಲು ಸುಟ್ಟು, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾಗಿ, ವರ್ಷಕ್ಕೂ ಮೇಲ್ಪಟ್ಟು ಆಸ್ಪತ್ರೆಯಲ್ಲಿದ್ದು ಅವರು ಬದುಕಿ ಬಂದರು. ಮತ್ತೆ ಖಡ್ಗ ಹಿಡಿದು ನಟಿಸಿದರು. ಅದು ದೊಡ್ಡ ಛಲ. ಆ ಛಲದ ಕಥೆಯನ್ನು ಅಭಿಮಾನಿಗಳು ಎಷ್ಟು ಸಲ ಹೇಳಿಕೊಂಡಿದ್ದೇವೋ ಲೆಕ್ಕವಿಲ್ಲ. ಆದರೆ ಆ 62 ಮಂದಿಯಲ್ಲಿ ಒಬ್ಬರ ಹೆಸರಾದರೂ ನಮ್ಮ ಬಾಯಲ್ಲಿದೆಯೇ? ಸ್ಟುಡಿಯೋದ ಬೆಂಕಿಯಲ್ಲಿ ಸಿಲುಕುವವರು ದೀಪ ಹಿಡಿಯುವವರು, ಸೆಟ್ಟು ಕಟ್ಟುವವರು, ದಿನಗೂಲಿಗೆ ಸೈನಿಕರ ವೇಷ ಹಾಕುವವರೇ. ಪರದೆಯ ಮೇಲೆ ಸಾವಿರಾರು ಸೈನಿಕರು ಸುಳ್ಳುಸುಳ್ಳೇ ಸಾಯುವುದನ್ನು ಕಂಡು ಅತ್ತ ನಾವು, ಆ ಸುಳ್ಳಿಗಾಗಿ ನಿಜವಾಗಿ ಸತ್ತವರನ್ನು ಮರೆತೆವು. ಕಥೊಲಿಕರ ಸೆರೆಯನ್ನು ಮರೆತ ಮರೆವಿಗೂ ಇದಕ್ಕೂ ಹತ್ತಿರದ ನಂಟಿದೆ. ನಾಯಕನ ಮುಖ ತೀರಾ ದೊಡ್ಡದಾದಾಗ ಹಿಂದಿರುವವರು ಕಾಣಿಸುವುದಿಲ್ಲ.

ಇಷ್ಟನ್ನೆಲ್ಲ ಈಗ ಹೇಳುವ ಅಗತ್ಯವೇನು ಎಂದು ಓದುಗರು ಕೇಳಬಹುದು. ಸಮಯ ಸೂಕ್ಷ್ಮವಾಗಿದೆ, ವಿರೋಧಿಗಳ ಕೈಗೆ ಕೋಲು ಕೊಟ್ಟಂತಾಗುತ್ತದೆ ಎಂದು ಹಿತೈಷಿಗಳು ಎಚ್ಚರಿಸುತ್ತಾರೆ. ಸಮಯ ಯಾವಾಗ ಸೂಕ್ಷ್ಮವಾಗಿರಲಿಲ್ಲ? 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿ ಆಚರಿಸತೊಡಗಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2019ರಲ್ಲಿ ಮುಂದಿನ ಸರಕಾರ ಅದನ್ನು ರದ್ದುಪಡಿಸಿತು. ಒಂದು ಸರಕಾರ ಹಾರ ಹಾಕಿತು, ಇನ್ನೊಂದು ಕಿತ್ತುಹಾಕಿತು. ಎರಡರ ನಡುವೆ ಟಿಪ್ಪುವಿನ ಬಗ್ಗೆ ಯಾರಿಗೂ ಹೊಸದೇನೂ ತಿಳಿಯಲಿಲ್ಲ. 2023ರ ಮೇ ತಿಂಗಳಲ್ಲಿ ಅವನ ಮಲಗುವ ಕೋಣೆಯ ಖಡ್ಗ ಲಂಡನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಖಡ್ಗಕ್ಕೆ ಬೆಲೆ ಕಟ್ಟುವವರು ಎಂದೂ ಇದ್ದಾರೆ. ಅದರ ಒಡೆಯನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ತೂಗುವವರು ಸಿಗುವುದು ಕಷ್ಟ.

ವಿರೋಧಿಗಳ ಕೈಯಲ್ಲಿ ಕೋಲು ಮೊದಲಿನಿಂದಲೂ ಇದೆ. ನಾವು ಮೌನವಾಗಿದ್ದುದೇ ಆ ಕೋಲಿಗೆ ಬಲ ಕೊಟ್ಟದ್ದು. ಅಭಿಮಾನಿಯೇ ಮುಂದೆ ಬಂದು ಇಲ್ಲಿ ಸ್ವರ ಜಾರಿದೆ ಎಂದರೆ, ಕೋಲು ಹಿಡಿದವನಿಗೆ ಹೊಡೆಯಲು ಏನೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗೋಡೆಯಾಚೆಯ ನೆರೆಯವರಿಗೆ, ತಮ್ಮ ಅಜ್ಜಂದಿರ ಕಥೆಯನ್ನು ಇವರೂ ಕೇಳಿಸಿಕೊಂಡರು ಎಂಬ ಭರವಸೆ ಸಿಗುತ್ತದೆ. ಹಾಗೆ ಕೇಳಿಸಿಕೊಂಡ ಬಳಿಕ, ಇಂಗ್ಲಿಷರನ್ನು ಮಂಡಿಯೂರಿಸಿದ ಅರಸನ ಕಥೆಯನ್ನು ಅವರೂ ನಮ್ಮ ಜೊತೆ ಕುಳಿತು ಕೇಳಬಹುದು.

ನಮ್ಮ ಶಾಲೆಗಳ ಶಿಕ್ಷಕರು ಮಕ್ಕಳನ್ನು ಸುಲ್ತಾನ್ ಬತ್ತೇರಿಗೆ ಕರೆದೊಯ್ದು ಮಂಗಳೂರು ಒಪ್ಪಂದದ ಕಥೆ ಹೇಳುತ್ತಾರೆ. ಹೇಳಲಿ, ಹೆಮ್ಮೆಯಿಂದಲೇ ಹೇಳಲಿ. ಅದೇ ದಿನ ಮಧ್ಯಾಹ್ನ ಆ ಮಕ್ಕಳನ್ನು ಹಂಪನಕಟ್ಟೆಯ ಮಿಲಾಗ್ರಿಸ್‌ಗೂ ಕರೆದುಕೊಂಡು ಹೋಗಲಿ. ಅಲ್ಲಿನ ಹಿರಿಯರೊಬ್ಬರ ಬಾಯಿಯಿಂದಲೇ ಫೆಬ್ರವರಿ ತಿಂಗಳ ಕಥೆಯನ್ನೂ ಕೇಳಿಸಲಿ. ಎರಡು ಕಡೆಗೂ ಒಂದೇ ಸಿಟಿ ಬಸ್ಸಿನ ದೂರ.